ಆಂಪ್ ಬೇಕೋ, ಪೆಡಲ್ ಸಾಕೋ?

ಕಳೆದ ವರ್ಷ ಕೀಬೋರ್ಡಿನ ಬಗ್ಗೆ ಬರೆದ ಮೇಲೆ ನಮ್ಮನ್ನು ಹೆಚ್ಚು ಜನ ಕೇಳಿದ್ದು ಎಲೆಕ್ಟ್ರಿಕ್ ಗಿಟಾರಿನ ಬಗ್ಗೆ. ಅದರಲ್ಲೂ ಪುತ್ತೂರು ಕಡೆಯ ಒಬ್ಬ ಹುಡುಗ, ಎಸಿ ಮೆಂಟೆನೆನ್ಸ್ ಕೆಲಸದವನು, ಸಂಘದ ಆರ್ಕೆಸ್ಟ್ರಾ ರಿಹರ್ಸಲ್‌ಗೆ ಬಂದಾಗಲೆಲ್ಲ ಒಂದೇ ಪ್ರಶ್ನೆ: "ಅಣ್ಣಾ, ಕೈಯಲ್ಲಿ ಸ್ವಲ್ಪ ದುಡ್ಡು ಉಂಟು. ಒಳ್ಳೆ ವಾಲ್ವ್ ಆಂಪ್ ತೆಗೆದುಕೊಳ್ಳುವುದಾ, ಅಲ್ಲ ಪೆಡಲ್ ಸಾಕಾ?" ಊರಿಗೆ ಕಳಿಸಿ, ಮೆಸ್ಸಿಗೆ ಕೊಟ್ಟು, ಆರು ತಿಂಗಳು ಕೂಡಿಟ್ಟ ದುಡ್ಡು ಅದು. ಬಾಯಿಗೆ ಬಂದ ಹಾಗೆ ಹೇಳಲಿಕ್ಕೆ ಮನಸ್ಸಾಗಲಿಲ್ಲ. ಇದೇ ವಿಷಯದಲ್ಲಿ ನಾವೂ ಒಮ್ಮೆ ಕೈ ಸುಟ್ಟುಕೊಂಡವರು.

ಗಿಟಾರಿನ ಆ ಒರಟು, ಉದ್ದಕ್ಕೆ ಎಳೆದು ನಿಲ್ಲುವ ಸ್ವರ ಎಲ್ಲಿಂದ ಬರುತ್ತದೆ? ಆಂಪಿನ ವಾಲ್ವುಗಳಿಗೆ ತಾಳುವುದಕ್ಕಿಂತ ಹೆಚ್ಚು ಸಿಗ್ನಲ್ ಕೊಟ್ಟರೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಮೇಲೆ ಹೊಸ ಮೇಲುಸ್ವರಗಳು ಹುಟ್ಟುತ್ತವೆ. ಇದೇ ಓವರ್‌ಡ್ರೈವ್. ತಂಬೂರಿಯ ತಂತಿಯಡಿ ನೂಲೆಳೆ ಸರಿಸಿ ಝೇಂಕಾರ ತರುತ್ತಾರಲ್ಲ, ದಾರಿ ಬೇರೆಯಾದರೂ ಕಿವಿಗೆ ಆಗುವ ಸುಖ ಅದೇ ಜಾತಿಯದು. ಮೊದಮೊದಲು ಇದನ್ನು ಆಂಪಿನ ದೋಷವೆಂದೇ ಎಣಿಸಿದ್ದರು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸಣ್ಣ ಆಂಪಿನ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿ ಒರಟು ಸ್ವರ ತೆಗೆದ. ಕಾಲಲ್ಲಿ ಒತ್ತುವ ಡಬ್ಬಿ ಅದಕ್ಕೂ ಮೊದಲೇ ಬಂದಿತ್ತು: 1962ರ ಮೇಸ್ಟ್ರೋ ಫಝ್-ಟೋನ್. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಬಳಸಿದ ಮೇಲೆ ಅದರ ನಸೀಬು ತೆರೆಯಿತು.

ಇನ್ನು ನಮ್ಮ ಕಥೆ. ಕೆಲಸ ಬಿಟ್ಟು ಊರಿಗೆ ಹೊರಟ ಒಬ್ಬರಿಂದ 30 ವಾಟಿನ ವಾಲ್ವ್ ಆಂಪ್ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತಂದೆವು. ಲಿಫ್ಟ್ ಕೆಟ್ಟಿತ್ತು, ರೂಮು ನಾಲ್ಕನೇ ಮಹಡಿ. ಇಂಥ ಆಂಪ್ ಹಾಡಬೇಕಾದರೆ ವಾಲ್ಯೂಮ್ ಐದು ಆರರ ಮೇಲೆ ಹೋಗಬೇಕು. ನಾವು ಎರಡಕ್ಕೆ ತಿರುಗಿಸುವಷ್ಟರಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ರೂಮ್‌ಮೇಟ್ ಎದ್ದು ಕೂತ. ಮೂರಕ್ಕೆ ವಾಚ್‌ಮ್ಯಾನ್ ಬಾಗಿಲು ಬಡಿದ. ಕಾರ್ಯಕ್ರಮದ ದಿನವಾದರೂ ಜೋರಾಗಿ ಬಿಡೋಣವೆಂದರೆ ಸೌಂಡಿನವರು, "ಸ್ಟೇಜ್ ವಾಲ್ಯೂಮ್ ಇಳಿಸಿ, ಹಾಡುವವರ ಮೈಕಿಗೆ ನಿಮ್ಮದೇ ಹೊಡೆಯುತ್ತಿದೆ" ಎಂದು ಕೈಸನ್ನೆ. ಯಾವ ಸ್ವರಕ್ಕಾಗಿ ಕೊಂಡೆವೋ ಅದನ್ನು ನಾವು ಕೇಳಿದ್ದು ಒಟ್ಟು ಹತ್ತು ನಿಮಿಷವೂ ಇರಲಾರದು.

ಹಾಗಾದರೆ ಕಡಿಮೆ ವಾಟಿನದು ಕೊಳ್ಳಬಹುದಲ್ಲ ಎನ್ನುತ್ತೀರಿ. ಇಲ್ಲೇ ಹಲವರು ಎಡವುವುದು. ವಾಟ್ ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ ಕಿವಿಗೆ ಕೇಳುವ ಜೋರು ಇಳಿಯುವುದು ಸುಮಾರು ಅರ್ಧಕ್ಕೆ ಮಾತ್ರ. 30ರ ಬದಲು 3 ವಾಟ್ ತಂದರೂ ಆರು ಜನರ ರೂಮಿಗೆ ಅದು ಹೆಚ್ಚೇ. ಮಾಸ್ಟರ್ ವಾಲ್ಯೂಮ್ ಇರುವ ಆಂಪ್‌ಗಳಲ್ಲಿ ಮುಂದಿನ ಹಂತವನ್ನು ಮಾತ್ರ ಒಡೆಸಿ ಹೊರಗಿನ ಜೋರನ್ನು ತಗ್ಗಿಸಬಹುದು, ನಿಜ. ಆದರೆ ದೊಡ್ಡ ವಾಲ್ವು ಮತ್ತು ಸ್ಪೀಕರ್ ದಣಿದಾಗ ಬರುವ ತುಂಬುತನ ಅದರಲ್ಲಿ ಪೂರ್ತಿ ಬರುವುದಿಲ್ಲ.

ಪೆಡಲಿನಲ್ಲಿ ಇದೇ ಚಪ್ಪಟೆ ಮಾಡುವ ಕೆಲಸವನ್ನು ಕಾಳಿನಷ್ಟು ದೊಡ್ಡ ಡಯೋಡುಗಳು ಮಾಡುತ್ತವೆ, 9 ವೋಲ್ಟಿನಲ್ಲಿ. ಜೋರಿಗೂ ಒರಟಿಗೂ ಸಂಬಂಧವೇ ಇಲ್ಲ. ಪಿಸುಗುಟ್ಟುವಷ್ಟು ಸಣ್ಣಗೂ ಒರಟಾಗಿ ನುಡಿಸಬಹುದು. ಬಾಸ್ ಕಂಪನಿಯ ಹಳದಿ ಎಸ್‌ಡಿ-1 1981ರಿಂದ ಬರುತ್ತಿದೆ. ಐಬನೆಝ್‌ನ ಹಸಿರು ಟ್ಯೂಬ್ ಸ್ಕ್ರೀಮರ್ ಅದಕ್ಕೂ ಸ್ವಲ್ಪ ಹಿಂದಿನದು. ನಡುವಿನ ಸ್ವರಗಳನ್ನು ಎತ್ತಿ ಕೊಡುವುದರಿಂದ ತಬಲಾ, ಕೀಬೋರ್ಡ್‌ಗಳ ಗದ್ದಲದಲ್ಲೂ ಗಿಟಾರ್ ಎದ್ದು ಕೇಳುತ್ತದೆ. ಊರಿಗೆ ಹೋಗುವಾಗ ಬಟ್ಟೆಗಳ ನಡುವೆ ತುರುಕಿದರಾಯಿತು, ಕಾರ್ಗೋ ಬೇಡ.

ಹಾಗೆಂದು ಪೆಡಲೊಂದೇ ಸಾಲದು. ಒಂದು ವರ್ಷ ಆಂಪ್ ಸಿಗದೆ ನಮ್ಮ ಗಿಟಾರಿನವನು ಪೆಡಲನ್ನು ನೇರ ಮಿಕ್ಸರಿಗೆ ಚುಚ್ಚಿದ. ಸಭಾಂಗಣದ ತುಂಬ ಕಣಜದ ಗೂಡಿಗೆ ಕಲ್ಲು ಹೊಡೆದ ಸದ್ದು! ಗಿಟಾರ್ ಆಂಪಿನ ಸ್ಪೀಕರ್ 5,000 ಹರ್ಟ್ಸ್‌ನಿಂದ ಮೇಲಿನ ಕಿರಿಕಿರಿಯನ್ನು ತಾನೇ ತಗ್ಗಿಸುತ್ತದೆ. ಹಾಡಿನ ಸ್ಪೀಕರುಗಳು ಎಲ್ಲವನ್ನೂ ಉಗುಳುತ್ತವೆ. ಮಿಕ್ಸರಿಗೆ ಕೊಡುವುದೇ ಆದರೆ ನಡುವೆ ಕ್ಯಾಬಿನೆಟ್ ಸಿಮ್ಯುಲೇಟರ್ ಬೇಕು.

ನಮ್ಮ ಲೆಕ್ಕ ಹೀಗೆ. ಸ್ವಂತ ಮನೆ, ದಪ್ಪ ಗೋಡೆ, ತಿಂಗಳಿಗೊಂದು ಸ್ಟೇಜು ಇದ್ದವರಿಗೆ ವಾಲ್ವ್ ಆಂಪಿನ ಸಮ ಬೇರೆ ಇಲ್ಲ; ಬೆರಳು ಹಗುರ ಮಾಡಿದರೆ ಸ್ವರ ತಿಳಿಯಾಗುವುದು, ಒತ್ತಿದರೆ ಗುಡುಗುವುದು, ಅದರ ರುಚಿ ಕಂಡವರಿಗೇ ಗೊತ್ತು. ಬೆಡ್ ಸ್ಪೇಸಿನಲ್ಲಿರುವ ನಮ್ಮಂಥವರಿಗೆ ಹೆಡ್‌ಫೋನ್ ತೂತಿರುವ ಸಣ್ಣ ಆಂಪು, ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲು. ಸ್ಟೇಜಿನಲ್ಲಿ ಬಾಡಿಗೆಗೆ ಸಿಕ್ಕಿದ್ದು ರೋಲಂಡ್ ಜೆಸಿ-120ಯಂಥ ತಿಳಿ ಸ್ವರದ ಆಂಪಾದರೆ ಪೆಡಲಿನ ಡ್ರೈವ್ ಏರಿಸಿ. ವಾಲ್ವಿನದು ಸಿಕ್ಕಿದರೆ ಡ್ರೈವ್ ಇಳಿಸಿ ಲೆವೆಲ್ ಏರಿಸಿ. ಆಗ ಪೆಡಲು ಆಂಪನ್ನು ಬೆನ್ನಿಗೆ ಕೈಯಿಟ್ಟು ದೂಡುತ್ತದೆ, ಒಡೆಯುವುದು ವಾಲ್ವೇ. ಅಂದಹಾಗೆ, ಬ್ಯಾಟರಿ ಹಾಕುವವರು ನುಡಿಸಿ ಮುಗಿದ ಮೇಲೆ ಪೆಡಲಿನ ಇನ್‌ಪುಟ್ ವಯರ್ ಕೀಳಿ. ಸ್ವಿಚ್ ಆಫ್ ಇದ್ದರೂ ವಯರ್ ಚುಚ್ಚಿದ್ದರೆ ಬ್ಯಾಟರಿ ಖಾಲಿಯಾಗುತ್ತಿರುತ್ತದೆ. ಅಮೆರಿಕದಿಂದ ತರಿಸಿದ 120 ವೋಲ್ಟಿನ ಆಂಪನ್ನು ಇಲ್ಲಿನ ಪ್ಲಗ್ಗಿಗೆ ಹಾಕುವ ಧೈರ್ಯವಂತೂ ಬೇಡ.

ಹುಡುಗ ಹಳದಿ ಪೆಡಲನ್ನೇ ತಂದಿದ್ದಾನೆ, ಅದೂ ಸೆಕೆಂಡ್ ಹ್ಯಾಂಡ್. ಉಳಿದ ದುಡ್ಡಿಗೆ ಸಣ್ಣ ಆಂಪು ಬಂತು, ತಂತಿ ಎರಡು ಸೆಟ್ ಬಂತು. ಈಗ ರಾತ್ರಿ ಊಟ ಆದ ಮೇಲೆ ಬಂಕಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡು 'ಗೀತಾ' ಚಿತ್ರದ ಇಳಯರಾಜ ಹಾಡುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾನಂತೆ. ಕೆಳಗಿನ ಬಂಕಿನವರಿಗೆ ಕೇಳುವುದು ತಂತಿಯ ಟಕಟಕ ಮಾತ್ರ. ರಾಜ್ಯೋತ್ಸವಕ್ಕೆ ಬಾಡಿಗೆ ಆಂಪ್ ಯಾವುದು ಬರುತ್ತದೋ ಇನ್ನೂ ಗೊತ್ತಾಗಿಲ್ಲ. ಎರಡು ಗಂಟೆ ಮೊದಲೇ ಸಭಾಂಗಣಕ್ಕೆ ಬಾ ಎಂದು ಹೇಳಿದ್ದೇವೆ.