ಆಟ ಮೊಬೈಲಿನಲ್ಲಿ, ಗಲ್ಲಾ ಖಾಲಿ

2025ರಲ್ಲಿ ತೀರಿಕೊಂಡ ರಾಜು ತಾಳಿಕೋಟೆಯವರ ‘ಕಲಿಯುಗದ ಕುಡುಕರು’ ಒಂದು ಕಾಲಕ್ಕೆ ಕ್ಯಾಸೆಟ್ಟಿನಲ್ಲೇ ಊರೂರು ತಿರುಗಿತ್ತು. ಕ್ಯಾಸೆಟ್ಟಿಗಾದರೂ ಮಂದಿ ದುಡ್ಡು ಕೊಡುತ್ತಿದ್ದರು. ಈಗ ಸಿಂಧನೂರಿನಲ್ಲಿ ಬಸ್ಸು ಹತ್ತಿ, ಮಸ್ಕಿ ದಾಟಿ ಲಿಂಗಸುಗೂರು ಮುಟ್ಟುವುದರೊಳಗೆ ಅರ್ಧ ನಾಟಕ ಮೊಬೈಲಿನಲ್ಲಿ ಪುಕ್ಕಟೆ.

2020ರ ಲಾಕ್‌ಡೌನಿನಲ್ಲಿ ಜಾತ್ರೆ ಕ್ಯಾಂಪು ನಿಂತಾಗ ಕಲಾವಿದರನ್ನು ಮಂದಿಗೆ ಮುಟ್ಟಿಸಿದ್ದು ಯೂಟ್ಯೂಬೇ, ನಿಜ. ಆದರೆ ಮುಂದಿನ ಸಾಲಿನಲ್ಲಿ ಕೂತು ಇಡೀ ನಾಟಕ ಹಿಡಿದು ತನ್ನ ಚಾನೆಲ್ಲಿಗೆ ಹಾಕಿಕೊಳ್ಳುವವನು ಯಾರನ್ನು ಕೇಳಿದ? ಹಾರ್ಮೋನಿಯಂ ಮಾಸ್ತರರಿಗೆ ಅದರಿಂದ ಚಹಾದ ಕಾಸೂ ಇಲ್ಲ. ಅಂಗಡಿಯ ಸಕ್ಕರೆ ಒಯ್ದು ಪಕ್ಕದ ಓಣಿಯಲ್ಲಿ ಹಂಚಿದರೆ ಸಾವ್ಕಾರ ಸುಮ್ಮನಿರುತ್ತಾನೇನು? ಚಿತ್ರೀಕರಣಕ್ಕೆ ಕಲಾವಿದರ ಒಪ್ಪಿಗೆ ಬೇಕೆಂದು ಕಾಪಿರೈಟ್ ಕಾಯ್ದೆಯ 1994ರ ತಿದ್ದುಪಡಿಯೇ ಹೇಳಿದೆ.

ಮಂಡಳಿಗಳು ತಮ್ಮದೇ ಚಾನೆಲ್ ತೆರೆದು ಅರ್ಧ ತಾಸಿನ ತುಣುಕು ಬಿಡಲಿ, ಬಂದದ್ದನ್ನು ತಬಲಾದವನವರೆಗೂ ಹಂಚಲಿ. ಉಳಿದ ಆಟಕ್ಕೆ ಮಂದಿ ಟೆಂಟಿಗೇ ಬರಬೇಕು.