ಕುರುವಾಯಿ ಸಾಕುವವರಿಗೆ ದಂಡ ಹಾಕಿ

ತೆಂಗಿನ ಗರಿಯನ್ನು ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗೆ ಕಂಡರೆ ಅದು ಕುರುವಾಯಿ ದುಂಬಿಯ ಕೆಲಸ. ನಾವೆಲ್ಲ ಕೂಡಲೇ ಓಡುವುದು ಔಷಧಿ ಅಂಗಡಿಗೆ. ಆದರೆ ಹುಳ ಹುಟ್ಟಿದ್ದು ನಿಮ್ಮ ಮರದಲ್ಲಲ್ಲ.

ನಮ್ಮ ಕಾವೂರಿನಲ್ಲೇ ನೋಡಿ. ಸೈಟ್ ಮಾಡಲು ತೆಂಗು ಕಡಿಯುತ್ತಾರೆ, ಕಾಂಡವನ್ನು ಮೂಲೆಗೆ ತಳ್ಳುತ್ತಾರೆ, ಗೇಟಿಗೆ ಬೀಗ. ಮಾಲೀಕರು ದುಬೈಯಲ್ಲೋ ಬೆಂಗಳೂರಿನಲ್ಲೋ! ಮಳೆಗೆ ಕೊಳೆತ ಆ ಕಾಂಡದಲ್ಲೇ ಕುರುವಾಯಿ ಮೊಟ್ಟೆ ಇಡುವುದು. ಒಳಗೆ ಹೆಬ್ಬೆರಳು ಗಾತ್ರದ ಬಿಳಿ ಹುಳಗಳು. ರೆಕ್ಕೆ ಬಂದ ಮೇಲೆ ರಾತ್ರಿ ಹಾರಿ ಪಕ್ಕದವರ ತೆಂಗಿನ ಸುಳಿ ಕೊರೆಯುತ್ತವೆ. ಆ ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬರುತ್ತದೆ. ಅದು ಮರದೊಳಗೇ ಸಂಸಾರ ಹೂಡುವ ಜಾತಿ. ಸುಳಿ ಬಾಡಿದ್ದು ಕಾಣುವಾಗ ಮರ ಹೋದಂತೆಯೇ.

2019ರಲ್ಲಿ ಡೆಂಗಿ ಹೆಚ್ಚಿದಾಗ ಮಂಗಳೂರಿನಲ್ಲಿ ನೀರು ನಿಲ್ಲಿಸಿದ ಕಟ್ಟಡದವರಿಗೆ ದಂಡ ಬಿತ್ತು. ಸೊಳ್ಳೆ ಸಾಕಿದರೆ ದಂಡ, ಕುರುವಾಯಿ ಸಾಕಿದರೆ ಯಾಕಿಲ್ಲ? ಕಾಂಡ ಸೀಳಿ ಸೌದೆ ಮಾಡಲು ಒಂದು ದಿನದ ಕೂಲಿ ಸಾಕು. ಫಲ ಕೊಡುವ ಮರ ಬೆಳೆಸಲು ಎಷ್ಟು ವರ್ಷ ಬೇಕು ಅಂತ ಹಳ್ಳಿಯವರಿಗೆ ಹೇಳಬೇಕಾಗಿಲ್ಲ.

ನಮ್ಮ ತಪ್ಪೂ ಇದೆ ಅನ್ನಿ. ಹಟ್ಟಿಗೊಬ್ಬರದ ಗುಂಡಿಯೂ ಇದರ ತೊಟ್ಟಿಲೇ. ಅದನ್ನು ಆಗಾಗ ಮಗುಚಿ ಹುಳ ಹೆಕ್ಕಿ ಕೊಲ್ಲಿ, ಮೆಟಾರೈಜಿಯಂ ಶಿಲೀಂಧ್ರ ಬೆರೆಸಿ. ಸುಳಿಯ ಪಕ್ಕದ ಎರಡು ಮೂರು ಗರಿಗಳ ಬುಡಕ್ಕೆ 250 ಗ್ರಾಂ ಬೇವಿನ ಹಿಂಡಿಯನ್ನು ಅಷ್ಟೇ ಮರಳಿನೊಂದಿಗೆ ವರ್ಷಕ್ಕೆ ಮೂರು ಸಲ ಹಾಕಿ. ಕಾಸರಗೋಡಿನ ಸಿಪಿಸಿಆರ್‌ಐ ಹೇಳುವುದೂ ಇದನ್ನೇ.

ಇಷ್ಟು ಮಾಡಿಯೂ ಬೇಲಿಯಾಚೆ ಕಾಂಡ ಕೊಳೆಯುತ್ತಿದ್ದರೆ ಫೋಟೋ ತೆಗೆಯಿರಿ. ಊರಲ್ಲಾದರೆ ಪಂಚಾಯತ್‌ಗೆ, ಪೇಟೆಯಲ್ಲಾದರೆ ಪಾಲಿಕೆಗೆ ಬರೆದು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ನಾವೂ ಕೊಡುತ್ತಿದ್ದೇವೆ.