ಕಾವಲಿಗೆ ಬೀಳುವ ಕತ್ತರಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಮಲೆನಾಡಿನ ಕೃಷಿಕನಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಡಿಕೆಯ ಧಾರಣೆ ಬಿದ್ದ ವರ್ಷ ಮನೆಯ ಮಾಡಿಗೆ ಹೊಸ ಹಂಚು ಬರುವುದಿಲ್ಲ, ಮದುವೆಯೊಂದು ಮುಂದಕ್ಕೆ ಹೋಗುತ್ತದೆ, ಪೇಟೆಯ ಓಡಾಟ ಕಡಿಮೆಯಾಗುತ್ತದೆ. ಆದರೆ ಎಂತಹ ಕಷ್ಟದ ವರ್ಷವೇ ಆಗಲಿ, ಮಳೆ ಹಿಡಿಯುವ ಮುನ್ನ ಕೊನೆಗಳಿಗೆ ಮದ್ದು ಹೊಡೆಸುವುದನ್ನೋ ಕೊಟ್ಟೆ ಕಟ್ಟಿಸುವುದನ್ನೋ ತೋಟವಿದ್ದವರು ಬಿಡುವುದಿಲ್ಲ. 'ಕಳೆದ ವರ್ಷ ಕೊಳೆ ಬರಲಿಲ್ಲ, ಆದ್ದರಿಂದ ಈ ವರ್ಷ ಮದ್ದು ದಂಡ' ಎಂದು ಲೆಕ್ಕ ಹಾಕುವವನನ್ನು ಊರು ಜಾಣನೆನ್ನುವುದಿಲ್ಲ. ಕೊಳೆ ಬಾರದಿದ್ದುದಕ್ಕೆ ಮದ್ದೇ ಕಾರಣವೆಂಬುದು ಎಲ್ಲರಿಗೂ ತಿಳಿದ ಸಂಗತಿ.

ಸರ್ಕಾರಗಳು ಮಿತವ್ಯಯಕ್ಕೆ ಹೊರಟಾಗ ನಡೆಯುವುದು ಇದರ ವಿರುದ್ಧ. ಶಂಕುಸ್ಥಾಪನೆಯ ಕಲ್ಲುಗಳಿಗೆ ಕೊರತೆಯಾಗುವುದಿಲ್ಲ. ಹೋಗುವುದು ಮದ್ದಿನ ಖರ್ಚು: ನೀರು ಪರೀಕ್ಷಿಸುವವನ ಸಂಬಳ, ಕಾಡು ಸುತ್ತುವ ವಾಚರನ ದಿನಗೂಲಿ, ಮನೆ ಮನೆಗೆ ನಡೆದು ಜ್ವರ ವಿಚಾರಿಸುವವಳ ಗೌರವಧನ. ಇಂತಹವನ್ನು ಕಡಿದ ದಿನ ಏನೂ ಆಗುವುದಿಲ್ಲ. ಮರುವರ್ಷವೂ ಏನೂ ಆಗದಿರಬಹುದು. ಆದ್ದರಿಂದಲೇ ಕಡಿದವರು ಜಾಣರೆನಿಸಿಕೊಳ್ಳುತ್ತಾರೆ. ಸಾರ್ವಜನಿಕ ಸೇವೆಗಳ ವೆಚ್ಚ ಕಡಿತವನ್ನು ಕುರಿತ ಚರ್ಚೆಯಲ್ಲಿ ನಾವು ಹಿಡಿದು ನಿಲ್ಲಬೇಕಾದ ಜಾಗ ಇದೇ ಎಂದು ನನಗೆ ತೋರುತ್ತದೆ. ಕಡಿತ ಎಷ್ಟೆಂದು ಕೇಳುವುದಕ್ಕಿಂತ ಮೊದಲು, ಕತ್ತರಿ ಯಾವ ಕಾವಲಿನ ಮೇಲೆ ಬಿತ್ತೆಂದು ಕೇಳಬೇಕು.

ಹೀಗೆ ಹೇಳಿದರೆ ಅದು ಬರಿಯ ಊಹೆಯೆಂದು ತಳ್ಳಿಹಾಕುವವರಿದ್ದಾರೆ. ಕಡಿತಕ್ಕೂ ಸಾವಿಗೂ ನಡುವಿನ ಕೊಂಡಿಗಳನ್ನು ಒಂದೊಂದಾಗಿ ಹುಡುಕಿ, ಬರೆದು, ಪ್ರಕಟಿಸಿದ ಉದಾಹರಣೆಯೊಂದು ಕೆನಡಾ ದೇಶದಲ್ಲಿದೆ. ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಸಣ್ಣ ಪಟ್ಟಣವಿದೆ. ಜನಸಂಖ್ಯೆ ಐದು ಸಾವಿರದ ಆಸುಪಾಸು, ಸುತ್ತಲೂ ದನ ಸಾಕುವ ಹೊಲಮನೆಗಳು. 1995ರಲ್ಲಿ ಆ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಮೈಕ್ ಹ್ಯಾರಿಸ್ ಅವರ ಸರ್ಕಾರ ಆದಾಯ ತೆರಿಗೆಯನ್ನು ಶೇ. 30ರಷ್ಟು ಇಳಿಸುವ, ಆಡಳಿತದ ವೆಚ್ಚವನ್ನು ಕಡಿಯುವ ವಾಗ್ದಾನ ಮಾಡಿತ್ತು. ಎರಡೇ ವರ್ಷಗಳಲ್ಲಿ ಪರಿಸರ ಇಲಾಖೆಯ ಆಯವ್ಯಯದಿಂದ 20 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಕಿತ್ತುಕೊಂಡಿತು. 750ಕ್ಕೂ ಹೆಚ್ಚು ನೌಕರರು ಕಡಿಮೆಯಾದರು. ಪಟ್ಟಣಗಳ ಕುಡಿಯುವ ನೀರನ್ನು ಪರೀಕ್ಷಿಸುತ್ತಿದ್ದ ಸರ್ಕಾರಿ ಪ್ರಯೋಗಾಲಯಗಳು 1996ರಲ್ಲಿ ಆ ಕೆಲಸವನ್ನು ನಿಲ್ಲಿಸಿದವು, ಅದು ಖಾಸಗಿಯವರ ಕೈಗೆ ಹೋಯಿತು. ನೀರು ಕೆಟ್ಟಿದ್ದರೆ ಅದನ್ನು ಆರೋಗ್ಯಾಧಿಕಾರಿಗೆ ತಿಳಿಸಲೇಬೇಕೆಂಬ ಕಾನೂನನ್ನು ಮಾತ್ರ ಯಾರೂ ಮಾಡಲಿಲ್ಲ. ಹೀಗೆ ಮಾಡುವುದರಲ್ಲಿ ಅಪಾಯವಿದೆಯೆಂದು ಎಚ್ಚರಿಸಿದವರಿಗೆ ಕಿವಿಗೊಡಲಿಲ್ಲ.

ನಾಲ್ಕು ವರ್ಷ ಏನೂ ಆಗಲಿಲ್ಲ. 2000ದ ಮೇ ತಿಂಗಳ 8ರಿಂದ 12ರವರೆಗೆ ವಾಕರ್ಟನ್ನಿನಲ್ಲಿ ಜೋರು ಮಳೆ ಸುರಿಯಿತು. ಹೊಲದ ಸಗಣಿ ಗೊಬ್ಬರದ ಅಂಶ ಆಳವಿಲ್ಲದ ಒಂದು ಬಾವಿಗೆ ಇಳಿಯಿತು. ಆ ಬಾವಿಯ ನೀರಿಗೆ ಕ್ಲೋರಿನ್ ಸಾಕಷ್ಟು ಬೀಳುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಕ್ಲೋರಿನ್ ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು. ಅವರಿಗೆ ಸರಿಯಾದ ತರಬೇತಿ ಇರಲಿಲ್ಲ. ಆ ನೀರು ಒಳ್ಳೆಯದೆಂದು ನಂಬಿ, ಶುದ್ಧೀಕರಿಸದ ನೀರನ್ನು ಸ್ವತಃ ಕುಡಿಯುತ್ತಿದ್ದರಂತೆ. 17ರಂದು ಖಾಸಗಿ ಪ್ರಯೋಗಾಲಯ ನೀರು ಕೆಟ್ಟಿದೆಯೆಂದು ಅವರಿಗೆ ತಿಳಿಸಿತು. ಆರೋಗ್ಯಾಧಿಕಾರಿಗೆ ತಿಳಿಸಲಿಲ್ಲ, ಏಕೆಂದರೆ ಕಾನೂನು ಹಾಗೆ ಹೇಳಿರಲಿಲ್ಲ. ಆರೋಗ್ಯ ಕಚೇರಿಯವರು ವಿಚಾರಿಸಿದಾಗ ನೀರು ಚೆನ್ನಾಗಿಯೇ ಇದೆಯೆಂಬ ಉತ್ತರ ಸಿಕ್ಕಿತು. ಕುದಿಸಿ ಕುಡಿಯಿರೆಂಬ ಸೂಚನೆ ಹೊರಬಿದ್ದದ್ದು 21ರಂದು. ಅಷ್ಟರಲ್ಲಿ ಇ. ಕೋಲಿ ಓ157 ಎಂಬ ಅಪಾಯಕಾರಿ ಸೂಕ್ಷ್ಮಾಣು ಊರಿನ ತುಂಬ ಹರಡಿತ್ತು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು.

ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಅವರ ವಿಚಾರಣಾ ವರದಿಯ ಮೊದಲ ಭಾಗ 2002ರಲ್ಲಿ ಹೊರಬಂತು. ಅಣ್ಣತಮ್ಮಂದಿರ ತಪ್ಪನ್ನು ಅವರು ಮುಚ್ಚಿಡಲಿಲ್ಲ. ಮುಂದೆ 2004ರಲ್ಲಿ ಅವರಿಬ್ಬರಿಗೂ ಶಿಕ್ಷೆಯಾಯಿತು. ಗೊಬ್ಬರ ಹಾಕಿದ ರೈತ ನಿಯಮದಂತೆಯೇ ನಡೆದುಕೊಂಡಿದ್ದ, ಅವನದು ದೋಷವಲ್ಲವೆಂದೂ ವರದಿ ಹೇಳಿತು. ನಮಗೆ ಮುಖ್ಯವಾದುದು ಅದರ ಮುಂದಿನ ಮಾತು. ಕ್ಲೋರಿನ್ ಮತ್ತು ಕದಡನ್ನು ಸತತವಾಗಿ ಅಳೆಯುವ ಉಪಕರಣ ಆ ಬಾವಿಗಿದ್ದಿದ್ದರೆ ಅನಾಹುತ ತಪ್ಪುತ್ತಿತ್ತು; ಅದು ಬೇಕೆಂದು ಗುರುತಿಸಬೇಕಾಗಿದ್ದ, ಸುಳ್ಳು ಅಂಕಿಗಳನ್ನು ಹಿಡಿಯಬೇಕಾಗಿದ್ದ ತಪಾಸಣೆಯ ಬಲವನ್ನು ವೆಚ್ಚ ಕಡಿತ ಕುಗ್ಗಿಸಿತ್ತು ಎಂದು ಓ'ಕಾನರ್ ನಿರ್ಣಯಿಸಿದರು. ಕೆಲಸಗಳ್ಳರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರನ್ನು ಹಿಡಿಯಲೆಂದೇ ತಪಾಸಣೆಯವನಿಗೆ ಸಂಬಳ ಕೊಡುವುದು. ಆ ಒಂದು ಪಟ್ಟಣಕ್ಕೆ ಒದಗಿದ ನಷ್ಟವೇ 6.4 ಕೋಟಿ ಡಾಲರಿಗೂ ಹೆಚ್ಚೆಂದು ವಿಚಾರಣೆಗಾಗಿ ನಡೆದ ಅಂದಾಜು ಹೇಳುತ್ತದೆ, ಸತ್ತವರನ್ನು ಡಾಲರಿನಲ್ಲಿ ಎಣಿಸುವುದು ಸಾಧ್ಯವಾದರೆ.

ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಕತೆ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದುದರಿಂದ ಇಲ್ಲಿ ಉದ್ದ ಬೆಳೆಸುವುದಿಲ್ಲ. ಚುನಾಯಿತ ನಗರಸಭೆಯ ಅಧಿಕಾರವನ್ನು ರಾಜ್ಯ ಸರ್ಕಾರ ನೇಮಿಸಿದ ತುರ್ತು ಆಡಳಿತಗಾರನಿಗೆ ಒಪ್ಪಿಸಿ, ಹಣ ಉಳಿಸಲೆಂದು 2014ರ ಏಪ್ರಿಲಿನಲ್ಲಿ ಊರಿನ ನೀರನ್ನು ಫ್ಲಿಂಟ್ ನದಿಗೆ ಬದಲಿಸಿದರು. ಕೊಳವೆಯ ಸವೆತ ತಡೆಯುವ ರಾಸಾಯನಿಕ ಹಾಕಲಿಲ್ಲ. ಹಳೆಯ ಕೊಳವೆಗಳ ಸೀಸ ಮಕ್ಕಳ ರಕ್ತ ಸೇರಿತು. ಆ ನೀರು ಯಂತ್ರದ ಬಿಡಿಭಾಗಗಳನ್ನು ತಿನ್ನುತ್ತದೆಯೆಂದು ಜನರಲ್ ಮೋಟಾರ್ಸ್ ಕಾರ್ಖಾನೆ ಅದೇ ಅಕ್ಟೋಬರಿನಲ್ಲಿ ಬೇರೆ ನೀರಿಗೆ ಹೋಯಿತು. ಮನುಷ್ಯರಿಗೆ ಆ ಅನುಕೂಲ ಸಿಗಲು ಇನ್ನೂ ಒಂದು ವರ್ಷ ಬೇಕಾಯಿತು.

ಕತ್ತರಿ ಹೀಗೆ ಕಾವಲಿನ ಮೇಲೆಯೇ ಏಕೆ ಬೀಳುತ್ತದೆ? ಅಧಿಕಾರಿಗಳ ದುಷ್ಟತನವೆಂದು ಹೇಳಿ ಮುಗಿಸುವುದು ಸುಲಭ. ಕಾರಣ ಲೆಕ್ಕ ಬರೆಯುವ ಕ್ರಮದಲ್ಲೇ ಇದೆ. ಸರ್ಕಾರದ ಖರ್ಚು ಎರಡು ಬಗೆಯದು. ಕಟ್ಟಡ, ಸೇತುವೆ, ಕೊಳವೆ ಮಾರ್ಗ ಇವು ಬಂಡವಾಳ ವೆಚ್ಚ. ಸಂಬಳ, ಔಷಧಿ, ದುರಸ್ತಿ, ಜೀಪಿನ ಡೀಸೆಲ್ ಇವು ರಾಜಸ್ವ ವೆಚ್ಚ. ಕರ್ನಾಟಕವು 2002ರಲ್ಲಿ, ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ, ಹಣಕಾಸು ಹೊಣೆಗಾರಿಕೆಯ ಕಾಯ್ದೆ ಮಾಡಿತು. ವಿಶ್ವಬ್ಯಾಂಕಿನ ಆರ್ಥಿಕ ಪುನರ್ರಚನಾ ಸಾಲ ತೆಗೆದುಕೊಂಡ ಕಾಲವದು. ರಾಜಸ್ವ ಕೊರತೆಯನ್ನು ಸೊನ್ನೆಗೆ ತರಬೇಕು, ವಿತ್ತೀಯ ಕೊರತೆಯನ್ನು ರಾಜ್ಯದ ಒಟ್ಟು ಉತ್ಪನ್ನದ ಶೇ. 3ಕ್ಕೆ ಇಳಿಸಬೇಕು ಎಂಬುದು ಅದರ ಗುರಿ. ಸಾಲ ಮಾಡಿ ತುಪ್ಪ ತಿನ್ನಬಾರದೆಂಬ ಆಶಯದಲ್ಲಿ ತಪ್ಪಿಲ್ಲ. ಆದರೆ ಈ ತಕ್ಕಡಿಯಲ್ಲಿ ಆಸ್ಪತ್ರೆಯ ಗೋಡೆ ಆಸ್ತಿಯಾಗುತ್ತದೆ, ಅದರೊಳಗಿನ ದಾದಿ ಹೊರೆಯಾಗುತ್ತಾಳೆ. ಘಟ್ಟದ ಊರುಗಳಲ್ಲಿ ಹೊಸ ಬಣ್ಣ ಬಳಿದ ಉಪಕೇಂದ್ರಗಳಿಗೆ ಬೀಗ ಬಿದ್ದಿರುವುದರ ಅರ್ಥವನ್ನು ಇಲ್ಲಿಯೂ ಹುಡುಕಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಯೋಜನೆಯ ನಲ್ಲಿಗಳಿಗೂ ಇದೇ ಮಾತು ಸಲ್ಲುತ್ತದೆ. ಕೊಳವೆ ಹೂಳುವ ಹಣ ಒಮ್ಮೆ ಬರುತ್ತದೆ. ನೀರುಗಂಟಿಯ ಸಂಬಳ ಪ್ರತಿ ತಿಂಗಳು ಬೇಕು.

ನಮ್ಮಲ್ಲಿ ಕಡಿತವನ್ನು ಯಾರೂ ಘೋಷಿಸುವುದಿಲ್ಲವೆಂಬುದು ಇನ್ನೊಂದು ವಿಶೇಷ. ನಿವೃತ್ತರಾದವರ ಜಾಗಕ್ಕೆ ಯಾರನ್ನೂ ನೇಮಿಸದಿದ್ದರೆ ಸಾಕು, ಕತ್ತರಿಯ ಸದ್ದೇ ಕೇಳಿಸುವುದಿಲ್ಲ. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳಲ್ಲಿ ಎರಡೂವರೆ ಲಕ್ಷದಷ್ಟು ಖಾಲಿಯೆಂದು ಸರ್ಕಾರವೇ ಇತ್ತೀಚಿನ ವರ್ಷಗಳಲ್ಲಿ ಒಪ್ಪಿಕೊಂಡಿದೆ. ಖಾಲಿ ಹುದ್ದೆಗೆ ಮುಷ್ಕರ ಮಾಡುವ ಬಾಯಿಯಿಲ್ಲ.

ಮಲೆನಾಡಿಗೆ ಇದರಿಂದ ಏನಾಗುತ್ತದೆಂಬುದನ್ನು ತಿಳಿಯಲು ಮಂಗನ ಕಾಯಿಲೆಗಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಕಾಯಿಲೆಯನ್ನು ಗುರುತಿಸಿದರು. ಉಣುಗಿನಿಂದ ಹರಡುವ ಈ ಜ್ವರಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಆದ್ದರಿಂದ ಮುನ್ನೆಚ್ಚರಿಕೆಯೇ ಚಿಕಿತ್ಸೆ. ಕಾಡಿನಲ್ಲಿ ಮಂಗ ಸತ್ತರೆ ಅದನ್ನು ಯಾರಾದರೂ ನೋಡಬೇಕು. ನೋಡಿದವರು ಹೇಳಬೇಕು. ಹೇಳಿದ್ದನ್ನು ಕೇಳಿಸಿಕೊಂಡು ಓಡಿಬರಲು ಒಬ್ಬ ನೌಕರ, ಅವನಿಗೊಂದು ವಾಹನ, ಮಾದರಿಯನ್ನು ಬೇಗ ಪರೀಕ್ಷಿಸಲು ಪ್ರಯೋಗಾಲಯ, ಸುತ್ತಲಿನ ಊರುಗಳಿಗೆ ಮೈಗೆ ಹಚ್ಚುವ ಎಣ್ಣೆ, ಕಾಡಿಗೆ ಹೋಗಬೇಡಿರೆಂದು ಮನೆ ಮನೆಗೆ ಹೇಳಲು ಆಶಾ ಕಾರ್ಯಕರ್ತೆ ಬೇಕು. ಈ ಸರಪಣಿಯ ಪ್ರತಿಯೊಂದು ಕೊಂಡಿಯೂ ರಾಜಸ್ವ ವೆಚ್ಚ. ಎಲ್ಲವೂ ಸರಿಯಾಗಿ ನಡೆದರೆ ತೋರಿಸಲು ಏನೂ ಇರುವುದಿಲ್ಲ. ಉದ್ಘಾಟನೆಗೆ ಕರೆಯಲು ಆಗುವುದಿಲ್ಲ.

ರೋಗ ಮಾತ್ರ ಕಾಲಕ್ಕೆ ಕಾದು ಕೂತಿರುತ್ತದೆ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ 1,500ಕ್ಕೂ ಹೆಚ್ಚು ಜನರಿಗೆ ತಗುಲಿ 150ರಷ್ಟು ಮಂದಿ ತೀರಿಕೊಂಡರು. ಗೇರು ತೋಟಕ್ಕಾಗಿ ಕಾಡು ಕಡಿದದ್ದು ಅದಕ್ಕೆ ಕಾರಣವೆಂದು ಸಂಶೋಧಕರು ಬರೆದಿದ್ದಾರೆ. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಿಗೂ ಅದು ದಾಟಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಮತ್ತೆ ಎದ್ದಾಗ ಹತ್ತಕ್ಕೂ ಹೆಚ್ಚು ಜೀವ ಹೋಯಿತು. ನಮ್ಮ ರಾಜ್ಯವೇ ತಯಾರಿಸುತ್ತಿದ್ದ ಲಸಿಕೆಯ ಬಲ ಕುಗ್ಗಿದೆಯೆಂಬುದು ಆ ಹೊತ್ತಿಗೆ ಗುಟ್ಟಾಗಿರಲಿಲ್ಲ. 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಸಲ ಹಾಕಿಸಿಕೊಂಡವರಲ್ಲಿ ರಕ್ಷಣೆ ಶೇ. 62ರಷ್ಟು, ಬೂಸ್ಟರ್ ಪಡೆದವರಲ್ಲಿ ಶೇ. 83ರಷ್ಟು ಮಾತ್ರ. 2022ರಲ್ಲಿ ಆ ಲಸಿಕೆ ನಿಂತಿತು. ಹಳೆಯದು ನಿಂತ ದಿನ ಹೊಸದು ಕೈಯಲ್ಲಿರಲಿಲ್ಲ. ನಡುವಿನ ಒಂಬತ್ತು ವರ್ಷ ಎಲ್ಲಿ ಹೋಯಿತು?

ಇಷ್ಟೆಲ್ಲವೂ ಯಾವುದೋ ಒಂದು ಬಜೆಟ್ಟಿನ ಒಂದು ಸಾಲಿನಿಂದ ಆಯಿತೆಂದರೆ ಅತಿರೇಕವಾದೀತು. ಕಾಡಿನ ನಾಶ, ಲಸಿಕೆಯ ಮೇಲಿನ ಜನರ ಅಪನಂಬಿಕೆ, ಇಲಾಖೆಗಳ ನಡುವಿನ ತಿಕ್ಕಾಟ ಇವೂ ಸೇರಿವೆ. ವಾಕರ್ಟನ್ನಿನಲ್ಲಿಯೂ ಮಳೆ, ಸಗಣಿ, ಸುಳ್ಳು ಲೆಕ್ಕ ಎಲ್ಲವೂ ಸೇರಿದ್ದವು. ಹಲವು ತಪ್ಪುಗಳು ಒಟ್ಟಾಗುವುದನ್ನು ನಡುವೆ ತಡೆಯುವವನೇ ಕಾವಲುಗಾರ.

ಹಣವಿಲ್ಲವೆಂಬ ಸರ್ಕಾರದ ಮಾತನ್ನು ನಾವು ಪೂರ್ತಿ ತಳ್ಳಿಹಾಕಬೇಕಾಗಿಲ್ಲ. 2021-26ರ ಅವಧಿಗೆ ಕೇಂದ್ರ ತೆರಿಗೆಗಳಲ್ಲಿ ಕರ್ನಾಟಕದ ಪಾಲು ಶೇ. 4.713ರಿಂದ ಶೇ. 3.647ಕ್ಕೆ ಇಳಿಯಿತು, ಅದು ಸಣ್ಣ ಪೆಟ್ಟಲ್ಲ. ಗ್ಯಾರಂಟಿ ಯೋಜನೆಗಳನ್ನು ಹಳಿಯುವವರ ಜೊತೆಗೂ ನಾನು ಸೇರುವುದಿಲ್ಲ. ಬಡ ಹೆಂಗಸಿನ ಕೈಗೆ ಹೋದ ಎರಡು ಸಾವಿರ ರೂಪಾಯಿ ವ್ಯರ್ಥವಲ್ಲ. (ಬಸ್ಸೇ ಬಾರದ ಊರಿನವಳಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನವೆಂಬ ಪ್ರಶ್ನೆ ಬೇರೆ.) ಕಷ್ಟದ ವರ್ಷದಲ್ಲಿ ರಸ್ತೆಯ ಅಗಲೀಕರಣ ಎರಡು ವರ್ಷ ತಡವಾಗಲಿ, ಅತಿಥಿಗೃಹದ ಮಹಡಿ ನಿಲ್ಲಲಿ. ತಡವಾದ ಕಟ್ಟಡವನ್ನು ಮುಂದೆ ಕಟ್ಟಬಹುದು. ಡಿಸೆಂಬರಿನಲ್ಲಿ ನೋಡದೆ ಬಿಟ್ಟ ಸತ್ತ ಮಂಗವನ್ನು ಮಾರ್ಚಿನಲ್ಲಿ ನೋಡಲಾಗದು.

ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಅದು ಅವರೊಬ್ಬರ ಹೊಟ್ಟೆಪಾಡಿನ ಪ್ರಶ್ನೆಯೆಂದು ನಮ್ಮ ಪರಿಸರ ಸಂಘಟನೆಗಳು ದೂರ ನಿಂತದ್ದು ನನಗೆ ಸರಿಕಾಣಲಿಲ್ಲ. ಅಣೆಕಟ್ಟಿನ ವಿರುದ್ಧ, ಗಣಿಯ ವಿರುದ್ಧ ಜಾಥಾ ಹೊರಡುವ ನಾವು ವಾಚರನ ಮೂರು ತಿಂಗಳ ಬಾಕಿ ಕೂಲಿಗಾಗಿ ಒಂದು ಮನವಿಯನ್ನೂ ಬರೆಯುವುದಿಲ್ಲ. ಬೆಂಕಿಯ ರೇಖೆ ಸವರುವವನು ಅವನೇ ಅಲ್ಲವೆ?

ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಬಹಳವಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಎಂದಿನಿಂದ ಖಾಲಿ? ನಲ್ಲಿಯ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ ಯಾವುದು, ಫಲಿತಾಂಶದ ಕಾಗದ ಎಲ್ಲಿದೆ? ಮಂಗ ಸತ್ತರೆ ಯಾರಿಗೆ ಫೋನು ಮಾಡಬೇಕು, ಆ ವ್ಯಕ್ತಿ ಈಗಲೂ ಆ ಹುದ್ದೆಯಲ್ಲಿದ್ದಾರೆಯೆ? ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಕಾಲೇಜಿನ ವಿದ್ಯಾರ್ಥಿಗಳು ಅರ್ಜಿ ಬರೆಯುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿತಾರು. ಪಂಚಾಯಿತಿಗೊಬ್ಬರಂತೆ ಹಂಚಿಕೊಂಡರೆ ತಾಲೂಕಿನ ಖಾಲಿ ಹುದ್ದೆಗಳ ಪಟ್ಟಿ ಎರಡು ತಿಂಗಳಲ್ಲಿ ಸಿದ್ಧವಾಗುತ್ತದೆ. ಅದನ್ನು ಪಂಚಾಯಿತಿಯ ಗೋಡೆಯ ಮೇಲೆ, ಕಾಮಗಾರಿಗಳ ಫಲಕದ ಪಕ್ಕದಲ್ಲಿಯೇ ಬರೆಸೋಣ. ನವೆಂಬರಿನೊಳಗೆ ಆಗಬೇಕು. ಡಿಸೆಂಬರಿಗೆ ದರಕು ಗುಡಿಸಲು ಜನ ಕಾಡಿಗೆ ಹೋಗುತ್ತಾರೆ.